ಕೊನೆಯ ಹನ್ನೊಂದು ಸೆಕೆಂಡು

ಮೆಟ್ಟಿಲು ಹತ್ತಿ ಬರುವವರು ಯಾರೆಂದು ಅವನಿಗೆ ಕಾಲಿನ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ನಿರ್ದೇಶಕನದು ಎರಡೆರಡು ಮೆಟ್ಟಿಲು ಹಾರುವ ಬೂಟು, ಸ್ಯಾಕ್ಸೊಫೋನಿನವನದು ಎಳೆದು ಹಾಕುವ ಚಪ್ಪಲಿ, ಕಾವಲುಗಾರನದು ಹತ್ತನೆಯ ಮೆಟ್ಟಿಲಲ್ಲಿ ನಿಂತು ಕೆಮ್ಮಿ ಮುಂದುವರಿಯುವ ಮುದಿ ಹೆಜ್ಜೆ. ಸಿನಿಮಾಕ್ಕೆ ಸದ್ದು ಕೂಡಿಸುವ ಕೆಲಸದವನಿಗೆ ಇದೇನು ಮಹಾ ವಿದ್ಯೆಯಲ್ಲ. ಆದರೂ ಸ್ಟುಡಿಯೋದಲ್ಲಿ ಎಲ್ಲರೂ ಅವನನ್ನು ಹೆಸರು ಬಿಟ್ಟು ‘ಕಿವಿ’ ಎಂದೇ ಕರೆಯುತ್ತಿದ್ದರು, ಅವನೂ ಒಳಗೊಳಗೇ ಉಬ್ಬುತ್ತಿದ್ದ. ಇವತ್ತು ಮಾತ್ರ ಆ ಎರಡು ಕಿವಿಗಳನ್ನು ಕಿತ್ತು ಎಲ್ಲಾದರೂ ಬಚ್ಚಿಡುವಂತಿದ್ದರೆ ಬದುಕಿಕೊಳ್ಳುತ್ತಿದ್ದೆ ಎನಿಸಿತು. ಒಂಬತ್ತೂವರೆಗೇ ಬಂದು, ಒಳಗಿನಿಂದ ಚಿಲಕ ಹಾಕಿಕೊಂಡು, ಹಾಡಿನ ಕೊನೆಯ ಹನ್ನೊಂದು ಸೆಕೆಂಡನ್ನು ಹದಿನಾಲ್ಕು ಸಲ ಕೇಳಿದ್ದ. ಹದಿನಾಲ್ಕು ಸಲವೂ ಅದು ಒಬ್ಬರ ದನಿಯಂತೆ ಕೇಳಿ, ಕೇಳುತ್ತ ಕೇಳುತ್ತ ಇನ್ನೊಬ್ಬರದಾಗುತ್ತಿತ್ತು. ಹೆದರಿಕೆಯಾಗಿತ್ತು, ಅದನ್ನು ಬೇರೆ ಯಾವ ಹೆಸರಿನಿಂದ ಕರೆದೂ ಪ್ರಯೋಜನವಿರಲಿಲ್ಲ. ಹನ್ನೊಂದು ಗಂಟೆಗೆ ಗಾಯಕಿಯಮ್ಮ ಬರುವವರಿದ್ದರು, ತಮ್ಮ ಹಾಡನ್ನು ತಾವು ಕೇಳಲು.

ಚಿತ್ರದ ಕಥೆಯೆಲ್ಲ ನೆಲಮಾಳಿಗೆಯಲ್ಲಿ ಬ್ಲೂಸ್ ಎಂಬ ನೋವಿನ ಹಾಡುಗಳನ್ನು ಹಾಡುವ ಒಂದು ಕ್ಲಬ್ಬಿನಲ್ಲಿ ನಡೆಯುವಂಥದ್ದು. ಹೊಗೆ, ಮಬ್ಬು ದೀಪ, ಮಳೆಕೋಟು ಕಳಚದ ಗಂಡಸರು, ಮೂರು ದೃಶ್ಯಕ್ಕೊಂದು ಹಾಡು, ನಾಲ್ಕು ದೃಶ್ಯಕ್ಕೊಂದು ಹೆಣ. ಕೊನೆಯ ಹಾಡಿನ ಹೊತ್ತಿಗೆ ಪಿಯಾನೋ ನುಡಿಸುವವನು ಕೊಲೆ ಮಾಡಿ ಹಿಂದಿನ ಬಾಗಿಲಿನಿಂದ ಓಡುತ್ತಿದ್ದಾನೆ. ಪಿಯಾನೋದ ಮುಂದಿನ ಕುರ್ಚಿ ಖಾಲಿ. ಹಾಡು ಮುಗಿಯಲಿ ಎಂದು ಪೊಲೀಸರು ಮೆಟ್ಟಿಲ ಕೆಳಗೆ ಕಾದಿದ್ದಾರೆ. ಅದು ಗೊತ್ತಿರುವ ಹಾಡುಗಾತಿ ಹಾಡನ್ನು ಮುಗಿಸದೆ ಎಳೆಯುತ್ತಾಳೆ, ಅವನು ದೂರ ಹೋಗಲಿ ಎಂದು ಎಳೆಯುತ್ತಲೇ ಇರುತ್ತಾಳೆ. ಕೊನೆಗೆ ಪರದೆಯ ಮೇಲೆ ಅವಳೂ ಇಲ್ಲ, ಬರೀ ಮೆಟ್ಟಿಲು, ಅದರ ಮೇಲೆ ಒಂದೇ ಸಾಲು ಕೇಳಿಸುತ್ತದೆ: ‘ದೀಪ ಆರಿಸಬೇಡಿ, ನಾನಿನ್ನೂ ಹೊರಟಿಲ್ಲ.’ ಪರದೆಯ ಮೇಲಿನ ನಾಯಕಿಗೆ ಚೆಂದದ ತುಟಿಗಳಿದ್ದವು, ದನಿ ಇರಲಿಲ್ಲ. ದನಿ ಗಾಯಕಿಯಮ್ಮನದು. ಅಂಥ ಕ್ಲಬ್ಬುಗಳಲ್ಲೇ ನಲವತ್ತು ವರ್ಷ ಹಾಡಿ, ಅಲ್ಲಿನ ಹೊಗೆಯನ್ನೆಲ್ಲ ಗಂಟಲಿಗೆ ಇಳಿಸಿಕೊಂಡವರು. ಈ ಹಾಡು ಹಾಡಿದ ವಾರಕ್ಕೆ ವೈದ್ಯರು ಅವರ ಗಂಟಲನ್ನು ಕುಯ್ದು, ಗಡ್ಡೆಯ ಜೊತೆ ದನಿಯನ್ನೂ ತೆಗೆದುಬಿಟ್ಟರು. ನಿರ್ದೇಶಕ ಕೆಟ್ಟ ಮನುಷ್ಯನೇನಲ್ಲ, ಆಸ್ಪತ್ರೆಗೆ ಹೋಗಿ ಅವರ ಮಂಚದ ಪಕ್ಕ ಕೂತು ಅತ್ತವನು. ಆದರೆ ಅಳುತ್ತಲೇ ಅವನ ತಲೆಯಲ್ಲಿ ಭಿತ್ತಿಪತ್ರ ತಯಾರಾಗಿತ್ತು. ಈಗ ಊರ ಗೋಡೆಗೋಡೆಯ ಮೇಲೂ ಅದಿದೆ: ಅವರು ಹಾಡಿದ ಕೊನೆಯ ಸಾಲು. ಪತ್ರಿಕೆಯವರಿಗೂ ಹೇಳಿದ್ದಾನೆ, ‘ಇನ್ನೂ’ ಎನ್ನುವಲ್ಲಿ ದನಿ ಒಡೆಯುತ್ತದಲ್ಲ, ಅದನ್ನು ಯಾರೂ ನಟಿಸಲಾರರು, ನನ್ನ ಇಡೀ ಸಿನಿಮಾ ನಿಂತಿರುವುದು ಆ ಬಿರುಕಿನ ಮೇಲೆ ಎಂದು. ಅದನ್ನು ಓದಿದ ದಿನ ಕಿವಿ ಪತ್ರಿಕೆಯನ್ನು ನಾಲ್ಕಾಗಿ ಮಡಿಸಿ, ಸ್ಟುಡಿಯೋದ ಪಾಯಿಖಾನೆಯಲ್ಲಿ ಅರ್ಧ ಗಂಟೆ ಕೂತಿದ್ದ.

ಕೆಲಸದಲ್ಲಿ ಅವನಿಗೊಂದು ಚಾಳಿಯಿತ್ತು. ಬೆಳಿಗ್ಗೆ ಬಂದವನೇ ಆ ದಿನ ಆಗಬೇಕಾದ ಕೆಲಸಗಳ ಚೀಟಿಗಳನ್ನೆಲ್ಲ ಒಂದೇ ಸಲ ಬರೆದು, ಟೇಪಿನ ಡಬ್ಬಗಳಿಗೆ ಅಂಟಿಸಿಬಿಡುತ್ತಿದ್ದ. ಹೊತ್ತು ಉಳಿಯುತ್ತದೆ, ಅಕ್ಷರವೂ ದುಂಡಗಿರುತ್ತದೆ. ಹೊಸಬರಿಗೆಲ್ಲ ಹಾಗೆ ಮಾಡಬೇಡಿ ಎಂದು ಬುದ್ಧಿ ಹೇಳುತ್ತಿದ್ದವನೂ ಅವನೇ. ಗಾಯಕಿಯಮ್ಮನ ಹಾಡಿನ ಡಬ್ಬದ ಮೇಲೆ, ಅವರು ಹಾಡಿದ ಮರುದಿನ ಬೆಳಿಗ್ಗೆ, ‘ನಕಲು ಆಗಿದೆ’ ಎಂದು ಬರೆದ. ಆಮೇಲೆ ಯಾರೋ ಕರೆದರು, ಫೋನು ಬಂತು, ಊಟದ ಹೊತ್ತಾಯಿತು, ನಕಲು ಆಗಲೇ ಇಲ್ಲ. ಹತ್ತು ದಿನದ ಮೇಲೆ ಸ್ಯಾಕ್ಸೊಫೋನಿನವನು ಬಂದ. ಕೊನೆಯ ಸಾಲಿನ ಅಡಿಯಲ್ಲಿ ಎಳೆಯಷ್ಟು ಸ್ಯಾಕ್ಸೊಫೋನ್ ಬೇಕೆಂದು ನಿರ್ದೇಶಕನ ಆಸೆ. ಟೇಪಿನ ಮೇಲೆ ಒಂದೊಂದು ಸದ್ದಿಗೆ ಒಂದೊಂದರಂತೆ ಎಂಟು ಟ್ರ್ಯಾಕು, ಐದನೆಯದರಲ್ಲಿ ದನಿ, ಆರನೆಯದು ಖಾಲಿ, ಎರಡರ ಗುಂಡಿಗಳ ನಡುವೆ ಒಂದು ಬೆರಳಿನ ಅಂತರ. ಬೇರೆ ದಿನವಾಗಿದ್ದರೆ ಎರಡು ಸಲ ನೋಡಿ ಒತ್ತುತ್ತಿದ್ದ. ಅವತ್ತು ಡಬ್ಬದ ಮೇಲಿನ ತನ್ನದೇ ದುಂಡು ಅಕ್ಷರ ಕಣ್ಣಿಗೆ ಬಿದ್ದು, ನಕಲು ಇದೆಯಲ್ಲ ಎಂದು ಕೈ ಸಡಿಲವಾಯಿತು. ಒತ್ತಿದ್ದು ಐದು, ಹೊಸದು ಮುದ್ರಣವಾದಲ್ಲಿ ಹಳೆಯದು ಅಳಿದುಹೋಗುತ್ತದೆ. ಸ್ಯಾಕ್ಸೊಫೋನಿನವನು ಕಣ್ಣು ಮುಚ್ಚಿ ಹನ್ನೊಂದು ಸೆಕೆಂಡು ನುಡಿಸಿ, ವಾದ್ಯ ಒರೆಸುತ್ತ, “ಕೊನೇಲಿ ಅಮ್ಮನ ದನಿ ನಿಲ್ಲಿಸಿಬಿಟ್ಯಲ್ಲ, ಒಳ್ಳೇದಾಯ್ತು ಕಣಯ್ಯ, ನಂಗೆ ಜಾಗ ಸಿಕ್ತು” ಎಂದು ಹೊರಟುಹೋದ. ನಿಲ್ಲಿಸಿದ್ದು ಯಾರು? ಓಡಿಹೋಗಿ ನಕಲಿನ ಡಬ್ಬ ತೆಗೆದರೆ ಒಳಗೆ ಹೊಸ ಟೇಪು, ಅಂಗಡಿಯಿಂದ ತಂದಾಗ ಹೇಗಿತ್ತೋ ಹಾಗೇ ಇತ್ತು. ಚಿತ್ರೀಕರಣಕ್ಕೆ ಒಯ್ದಿದ್ದ ಟೇಪಿನಲ್ಲಾದರೂ ಇದ್ದೀತೆ ಎಂದರೆ, ಮೆಟ್ಟಿಲಿನ ದೃಶ್ಯದಲ್ಲಿ ತುಟಿ ಆಡಿಸುವವರು ಯಾರೂ ಇಲ್ಲವೆಂದು ಆ ಸಾಲಿನ ಮೊದಲೇ ಅದನ್ನು ಕತ್ತರಿಸಿಟ್ಟವನೂ ಅವನೇ. ಗಾಯಕಿಯಮ್ಮ ಅಷ್ಟು ಹೊತ್ತಿಗೆ ಆಸ್ಪತ್ರೆಯಲ್ಲಿ ಕೊರಳಿಗೆ ಬಟ್ಟೆ ಸುತ್ತಿಕೊಂಡು ಮಲಗಿದ್ದರು. ಸತ್ತವರ ದನಿಯನ್ನು ಅಳಿಸಿದ್ದರೂ ಇಷ್ಟು ಭಯವಾಗುತ್ತಿರಲಿಲ್ಲವೇನೋ. ಇವರು ಬದುಕಿದ್ದರು, ಕಿವಿಯೆರಡೂ ನೆಟ್ಟಗಿದ್ದವು.

ಆ ಸಂಜೆ ಅವನು ಮನೆಗೆ ಬಂದಾಗ ಅಕ್ಕ ಆಗಷ್ಟೇ ಕಚೇರಿಯಿಂದ ಬಂದಿದ್ದಳು. ವಾಹನದ ಲೈಸೆನ್ಸ್ ಕೊಡುವ ಕಚೇರಿಯಲ್ಲಿ ಕಿಟಕಿಯ ಹಿಂದೆ ಕೂತು ನಂಬರು ಕೂಗುವುದು ಅವಳ ಕೆಲಸ. ನಲವತ್ತೊಂದು, ನಲವತ್ತೆರಡು, ನಲವತ್ತಮೂರು ಇದ್ದಾರಾ. ಇಪ್ಪತ್ತೆರಡು ವರ್ಷ ನಂಬರು ಕೂಗಿ ಕೂಗಿ ಅವಳ ದನಿಗೂ ಒಂದು ಕೆರೆತ ಬಂದಿತ್ತು, ಹೊಗೆಯಿಲ್ಲದೆ ಬಂದ ಕೆರೆತ. ಅವನಿಗದು ಗೊತ್ತಿತ್ತು. ಗೊತ್ತಿದ್ದೂ ಅಷ್ಟು ವರ್ಷ ಅದರ ಬಗ್ಗೆ ಯೋಚಿಸದೇ ಇದ್ದ. “ಅಕ್ಕಾ, ಒಂದು ಮಿಷನ್ ಪರೀಕ್ಷೆ ಮಾಡ್ಬೇಕು, ಒಂದು ಸಾಲು ಹೇಳ್ತೀಯಾ” ಎಂದ. ಹಾಡ್ತೀಯಾ ಎನ್ನಲು ನಾಲಗೆ ಹೊರಳಲಿಲ್ಲ. ಕೋಣೆಯಲ್ಲಿ ಬಟ್ಟೆ ಒಣಗಿಸುವ ಹಗ್ಗಕ್ಕೆ ಎರಡು ರಜಾಯಿ ನೇತುಹಾಕಿ, ನಡುವೆ ಮೈಕು ನಿಲ್ಲಿಸಿದ. ಹೆಗಲಿನ ಚೀಲವನ್ನೂ ಇಳಿಸದೆ ಅವಳು ಒಳಗೆ ಬಂದು ನಿಂತಳು. ರಾಗ ತೋರಿಸಿಕೊಟ್ಟ. “ಹ್ಯಾಗೆ ಹೇಳ್ಬೇಕು?” ಎಂದು ಕೇಳಿದಳು. “ಕೆಳಗೆ ಯಾರೋ ಕಾಯ್ತಾ ಇದ್ದಾರೆ, ಮುಗಿಸಿದ ಕೂಡ್ಲೇ ಹಿಡ್ಕೊಂಡು ಹೋಗ್ತಾರೆ ಅನ್ನೋ ಹಾಗೆ.” ಅವಳು ಸ್ವಲ್ಪ ಹೊತ್ತು ರಜಾಯಿಯ ಹೊಲಿಗೆ ನೋಡುತ್ತಿದ್ದು, ಹಾಡಿದಳು. ‘ಇನ್ನೂ’ ಎನ್ನುವಲ್ಲಿ ದನಿ ಒಡೆಯಿತು. “ಒಡೀತು. ಇನ್ನೊಂದು ಸಲ ಹೇಳ್ಲಾ?” ಎಂದಳು. ಹೇಳಬೇಕೆಂದು ಅವಳಿಗೆ ಆಸೆಯಿದ್ದುದು ಅವನಿಗೆ ಕೇಳಿಸಿತು, ಕಿವಿಯಲ್ಲವೇ. “ಬೇಡ, ಪರೀಕ್ಷೆಗೆ ಇಷ್ಟೇ ಸಾಕು” ಎಂದು ಯಂತ್ರ ಆರಿಸಿದ. ಅವಳು ಚೀಲ ಇಳಿಸಿ, ಅಡಿಗೆಮನೆಗೆ ಹೋಗಿ ನಲ್ಲಿ ಬಿಟ್ಟಳು. ಮರುದಿನ ಯಾರೂ ಬರುವ ಮೊದಲೇ ಆ ಸಾಲು ಗಾಯಕಿಯಮ್ಮನ ಹಾಡಿನ ಕೊನೆಗೆ ಸೇರಿತು, ನಿರ್ದೇಶಕ ಪತ್ರಿಕೆಯವರ ಮುಂದೆ ಹೊಗಳಿದ್ದು ಈ ಬಿರುಕನ್ನೇ.

ಮೂವತ್ತಮೂರು ವರ್ಷದ ಹಿಂದೆಯೂ ಅದೇ ಸ್ವರ, ಅದೇ ಒಡಕು. ಆಗ ಅವನಿಗೆ ಹನ್ನೊಂದು ವರ್ಷ, ಅವಳಿಗೆ ಹದಿನೆಂಟು. ಚಿಕ್ಕಪ್ಪ ಎಲ್ಲಿಂದಲೋ ಒಂದು ಟೇಪ್ ರೆಕಾರ್ಡರು ತಂದುಕೊಟ್ಟಿದ್ದ. ಅಕ್ಕ ಯಾವುದೋ ಹಾಡುವವರ ತಂಡಕ್ಕೆ ಸೇರಲು ಪರೀಕ್ಷೆಗೆ ಹೋಗುವವಳಿದ್ದಳು. ಯಾರಿಗೂ ಕೇಳಬಾರದೆಂದು ಬಟ್ಟೆ ಒಗೆಯುತ್ತ ಬಚ್ಚಲಿನಲ್ಲಿ ಅಭ್ಯಾಸ ಮಾಡುತ್ತಿದ್ದಳು. ಅವನು ಬಾಗಿಲ ಸಂದಿಗೆ ಮೈಕು ಹಿಡಿದು ಕೂತ. ಮೇಲಿನ ಸ್ವರಕ್ಕೆ ಹೋದಾಗ ಅವಳ ದನಿ ಹಸಿ ಕಡ್ಡಿಯಂತೆ ಮುರಿಯಿತು. ಅಪ್ಪನ ಗೆಳೆಯರು ಮನೆತುಂಬ ಬಂದಿದ್ದ ದಿನ ಅವನು ಅದನ್ನು ಹಾಕಿದ. ಎಲ್ಲರೂ ನಕ್ಕರು. ಹಿಂದಕ್ಕೆ ತಿರುಗಿಸಿ ಆ ಜಾಗವನ್ನೇ ಮತ್ತೆ ಹಾಕಿದ, ಮತ್ತೆ ಹಾಕಿದ, ಎಲ್ಲಿ ನಿಲ್ಲಿಸಿ ಎಲ್ಲಿಂದ ಶುರುಮಾಡಬೇಕೆಂದು ಅವನ ಬೆರಳಿಗೆ ಆಗಲೇ ಗೊತ್ತಾಗಿತ್ತು. ಅಪ್ಪ ಕಣ್ಣೊರೆಸಿಕೊಂಡು ನಕ್ಕ, ಇವನು ದೊಡ್ಡ ಕಸುಬುದಾರ ಆಗ್ತಾನೆ ಎಂದ. ಅಕ್ಕ ಕಪ್ಪುಗಳ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳೂ ನಕ್ಕಳು. ಪರೀಕ್ಷೆಯ ದಿನ ತಲೆನೋವೆಂದು ಮಲಗಿದಳು, ಆಮೇಲೆ ಮನೆಯಲ್ಲಿ ಅವಳು ಹಾಡಿದ್ದನ್ನು ಯಾರೂ ಕೇಳಲಿಲ್ಲ, ಯಾಕೆ ಹಾಡುವುದಿಲ್ಲವೆಂದೂ ಯಾರೂ ಕೇಳಲಿಲ್ಲ. ಅವಳು ಬಯ್ದಿದ್ದರೆ, ಕಪಾಳಕ್ಕೊಂದು ಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅವನ ಮದುವೆ ಆಗಿ ಮುರಿದ ಮೇಲೆ ಇದೇ ಅಕ್ಕ ಕರೆದು ಮನೆಯಲ್ಲಿಟ್ಟುಕೊಂಡಿದ್ದಳು.

ಹನ್ನೊಂದಕ್ಕೆ ಸರಿಯಾಗಿ ಸ್ಟುಡಿಯೋದ ಮೆಟ್ಟಿಲಲ್ಲಿ ಬೂಟು ಕೇಳಿಸಿತು, ಎರಡೆರಡು ಮೆಟ್ಟಿಲಲ್ಲ, ಒಂದೊಂದೇ. ಜೊತೆಯಲ್ಲಿ ಇನ್ನೊಂದು ಹೆಜ್ಜೆ, ಮೆತ್ತಗೆ, ಆತುರವಿಲ್ಲದ್ದು. ಅವನು ಎದ್ದು ಚಿಲಕ ತೆಗೆದ.

ಗಾಯಕಿಯಮ್ಮ ಅವನು ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿಯೇ ಇದ್ದರು. ಕೊರಳಿಗೆ ಬೂದುಬಣ್ಣದ ರೇಷ್ಮೆ ಸ್ಕಾರ್ಫು, ಕೈಯಲ್ಲಿ ಅಂಗೈಯಗಲದ ಪುಸ್ತಕ, ಅದಕ್ಕೆ ದಾರದಲ್ಲಿ ಕಟ್ಟಿದ ನೀಲಿ ಪೆನ್ಸಿಲು. ಅವನನ್ನು ಕಂಡು ನಕ್ಕರು. ಬರೆದು ತೋರಿಸಿದರು: ‘ಕಿವಿ, ಸೊರಗಿದ್ದೀಯ.’ “ಇಲ್ಲಮ್ಮ, ಕೆಲಸ ಜಾಸ್ತಿ” ಎಂದ. “ಕೆಲಸ ಅಲ್ಲ, ನಿಮ್ಮ ಭಯ ಅಮ್ಮ ಇವನಿಗೆ” ಎಂದು ನಿರ್ದೇಶಕ ನಕ್ಕ, “ಶುರು ಮಾಡಪ್ಪ, ಅಮ್ಮ ಜಾಸ್ತಿ ಹೊತ್ತು ಕೂರೋಹಾಗಿಲ್ಲ.” ದೀಪ ಆರಿಸಿದರು. ಪರದೆಯ ಮೇಲೆ ಕ್ಲಬ್ಬು ಮೂಡಿತು, ಹೊಗೆ ಮೂಡಿತು, ನಾಯಕಿಯ ತುಟಿಗಳು ತೆರೆದವು, ಈ ಕತ್ತಲಲ್ಲಿ ಕೂತಿದ್ದ ಮುದುಕಿಯ ದನಿ ಆ ತುಟಿಗಳಿಂದ ಹೊರಟು ಕೋಣೆಯನ್ನು ತುಂಬಿತು. ಅವನು ಪರದೆ ನೋಡಲಿಲ್ಲ. ಪರದೆಯ ಬೆಳಕಿನಲ್ಲಿ ಸ್ಕಾರ್ಫು ನೋಡುತ್ತಿದ್ದ. ಅದು ಅಲುಗುತ್ತಿತ್ತು. ಒಳಗೆ ದನಿಯಿಲ್ಲದಿದ್ದರೂ ಕೊರಳಿನ ಸ್ನಾಯುಗಳಿಗೆ ಅಭ್ಯಾಸ ಬಿಟ್ಟಿರಲಿಲ್ಲ. ಸ್ವರ ಏರಿದಾಗ ರೇಷ್ಮೆ ಬಿಗಿಯುತ್ತಿತ್ತು, ಇಳಿದಾಗ ಸಡಿಲುತ್ತಿತ್ತು, ಹಾಡಿನಲ್ಲಿ ಉಸಿರು ತೆಗೆದುಕೊಂಡ ಕಡೆಯೆಲ್ಲ ಅವರ ಭುಜ ಏಳುತ್ತಿತ್ತು. ಮೂರು ನಿಮಿಷ ನಲವತ್ತು ಸೆಕೆಂಡು ಅವರು ಹಾಡಿದರು. ಆಮೇಲೆ ಪರದೆಯ ಮೇಲೆ ಮೆಟ್ಟಿಲು ಬಂತು. ಸ್ಯಾಕ್ಸೊಫೋನು ಸಣ್ಣಗೆ ಎಳೆಯಿತು. ‘ದೀಪ ಆರಿಸಬೇಡಿ.’ ಸ್ಕಾರ್ಫು ಅಲುಗಲಿಲ್ಲ. ‘ನಾನಿನ್ನೂ’ ಎಂದು ಅಕ್ಕನ ದನಿ ಒಡೆದಾಗ ಕೂಡ ಆ ರೇಷ್ಮೆ ಗೋಡೆಗೆ ಹಚ್ಚಿದ ಬಣ್ಣದಷ್ಟು ನಿಶ್ಚಲವಾಗಿತ್ತು. ಕೊರಳು ಕಾಯುತ್ತಿತ್ತು, ತನ್ನ ಸಾಲು ಬರುತ್ತದೆಂದು ಕಾಯುತ್ತಿತ್ತು.

ಗಾಯಕಿಯಮ್ಮ ಬೆರಳೆತ್ತಿ ಮತ್ತೊಂದು ಸಲ ಎಂದರು. ಹಾಕಿದ. ಮತ್ತೊಂದು ಸಲ. ಹಾಕಿದ. ಮೂರನೆಯ ಸಲ ಹಾಕುವಾಗ ಅವನಿಗೆ ತನ್ನ ಬೆರಳುಗಳು ಹನ್ನೊಂದು ವರ್ಷದ ಹುಡುಗನವು ಎನಿಸಿತು, ಈಗ ಎಲ್ಲರೂ ನಗುತ್ತಾರೆ ಎನಿಸಿತು. ದೀಪ ಹಾಕಿದಾಗ ನಿರ್ದೇಶಕ ಕಣ್ಣು ಒತ್ತಿಕೊಳ್ಳುತ್ತಿದ್ದ. ಗಾಯಕಿಯಮ್ಮ ಪುಸ್ತಕ ತೆರೆದು, ಸಾವಕಾಶವಾಗಿ ಬರೆದು, ಹಾಳೆ ಹರಿದು, ಎರಡಾಗಿ ಮಡಿಸಿ ಕೊಟ್ಟರು. ನಿರ್ದೇಶಕನಿಗಲ್ಲ, ಅವನಿಗೆ. ಅವನು ಬಿಡಿಸಿದ.

‘ಕೊನೆಯ ಸಾಲು ನನ್ನದಲ್ಲ. ಹಾಡಿದವಳ ಹೆಸರು ಹಾಕಿ.’

“ಏನಂತೆ? ಗಟ್ಟಿಯಾಗಿ ಓದು” ಎಂದ ನಿರ್ದೇಶಕ. ಕಿವಿ ಹಾಳೆ ನೋಡಿದ, ನೀಲಿ ಅಕ್ಷರ ನೋಡಿದ, ಗಾಯಕಿಯಮ್ಮನನ್ನು ಮಾತ್ರ ನೋಡಲಿಲ್ಲ. ಬಾಯಿ ತೆರೆದಾಗ ಏನು ಹೇಳಲಿದ್ದೇನೆಂದು ಅವನಿಗೇ ಗೊತ್ತಿರಲಿಲ್ಲ, ಆದರೆ ಮಾತು ಮಾತ್ರ ಯಾವತ್ತಿನಿಂದಲೋ ತಯಾರಾಗಿದ್ದಂತೆ ಸಲೀಸಾಗಿ ಬಂತು. “‘ಇಷ್ಟು ಚೆನ್ನಾಗಿ ಹಾಡಿದ್ದೆ ಅಂತ ನನಗೇ ಗೊತ್ತಿರಲಿಲ್ಲ’ ಅಂತ ಬರೆದಿದ್ದಾರೆ ಸಾರ್.” ಕೋಣೆಯಲ್ಲಿ ಫ್ಯಾನಿನ ಸದ್ದು ಕೇಳಿಸುತ್ತಿತ್ತು. ಆ ಫ್ಯಾನಿನ ಒಂದು ರೆಕ್ಕೆ ಸ್ವಲ್ಪ ಸೊಟ್ಟಗಿದೆಯೆಂದು ಎಷ್ಟೋ ದಿನದಿಂದ ಗೊತ್ತಿದ್ದುದು ಈಗ ಬಹಳ ಮುಖ್ಯವೆನಿಸಿತು. ನಿರ್ದೇಶಕ ಎದ್ದು ಗಾಯಕಿಯಮ್ಮನ ಎರಡೂ ಕೈ ಹಿಡಿದುಕೊಂಡ. ಅವರು ಕೈ ಬಿಡಿಸಿಕೊಂಡು ಪುಸ್ತಕ ತೆರೆದರು. ಪೆನ್ಸಿಲಿನ ಮೊನೆ ಹಾಳೆಗೆ ತಾಗಿತು. ಈಗ ಬರೆಯುತ್ತಾರೆ, ಈಗ ಮುಗಿಯಿತು ಎಂದು ಅವನು ಕಣ್ಣು ಮುಚ್ಚಿದ. ಮುಗಿದರೆ ಸಾಕು ಎನ್ನುವ ಆಸೆಯೂ ಆ ಭಯದೊಳಗೆಲ್ಲೋ ಇತ್ತು. ಕಣ್ಣು ತೆರೆದಾಗ ಅವರು ಪುಸ್ತಕ ಮುಚ್ಚಿ ಅವನನ್ನೇ ನೋಡುತ್ತಿದ್ದರು. ಸಿಟ್ಟಿನ ನೋಟವಲ್ಲ ಅದು. ಸಾಲಿನಲ್ಲಿ ನಿಂತವರು ತಮ್ಮ ನಂಬರು ಕೂಗಲಿ ಎಂದು ಕಿಟಕಿಯತ್ತ ನೋಡುತ್ತಾರಲ್ಲ, ಹಾಗಿತ್ತು.

“ಆ ಚೀಟಿ ಕೊಡಪ್ಪ ಇಲ್ಲಿ” ಎಂದ ನಿರ್ದೇಶಕ, “ಪತ್ರಿಕೆಯವರಿಗೆ ಕೊಡೋಣ. ಅವರ ಕೈಬರಹದಲ್ಲೇ ಅಚ್ಚಾಗ್ಲಿ.”

“ಇದನ್ನ ನನಗೆ ಕೊಟ್ಟಿದ್ದು ಸಾರ್. ಇವತ್ತೊಂದು ದಿನ ನನ್ನ ಹತ್ರ ಇರ್ಲಿ.”

“ನೋಡಿದ್ರಾ ಅಮ್ಮ, ನಮ್ಮ ಕಿವಿಗೂ ಕರುಳಿದೆ. ಆಯ್ತು, ಇಟ್ಕೊ. ಆದ್ರೆ ನಾಳೆ ಹತ್ತು ಗಂಟೆಗೆ ತರ್ಬೇಕು, ಫೋಟೋದವರು ಬರ್ತಾರೆ.”

ಹೋಗುವಾಗ ಗಾಯಕಿಯಮ್ಮ ಬಾಗಿಲಲ್ಲಿ ನಿಂತು, ಚೀಟಿ ಇದ್ದ ಅವನ ಅಂಗಿಯ ಜೇಬನ್ನು ಎರಡು ಬೆರಳಿನಿಂದ ಎರಡು ಸಲ ತಟ್ಟಿದರು. ಮೆಟ್ಟಿಲಲ್ಲಿ ಅವರ ಹೆಜ್ಜೆ ಇಳಿದು ಬೀದಿಯಲ್ಲಿ ಕರಗುವವರೆಗೂ ಅವನು ಕೇಳುತ್ತ ನಿಂತಿದ್ದ.

ಮಧ್ಯಾಹ್ನವಿಡೀ ಕೆಲಸ ಮಾಡುವವನಂತೆ ಕೂತಿದ್ದು, ನಾಲ್ಕಕ್ಕೇ ತಲೆನೋವೆಂದು ಹೇಳಿ ಹೊರಬಿದ್ದ. ತಲೆನೋವು, ಅಕ್ಕನ ನೆಪವೇ. ದಾರಿಯಲ್ಲಿ ಲೇಖನ ಸಾಮಗ್ರಿಯ ಅಂಗಡಿ ಹೊಕ್ಕು ನೀಲಿ ಪೆನ್ಸಿಲು ಕೊಂಡ. ಅಂಗಡಿಯವನು ಸುಮ್ಮನೆ ನೋಡಿದ್ದಕ್ಕೇ ಚಿಲ್ಲರೆಯನ್ನೂ ಎಣಿಸದೆ ಬೀದಿಗಿಳಿದ. ಎದುರು ಗೋಡೆಯ ಮೇಲೆ ಭಿತ್ತಿಪತ್ರ, ನಾಯಕಿಯ ಮುಖ, ಅದರ ಹಿಂದೆ ಮಬ್ಬಾಗಿ ಗಾಯಕಿಯಮ್ಮನ ಮುಖ. ಅದರ ಹಿಂದೆ ಇನ್ನೂ ಒಂದು ಮುಖವಿದೆಯೆಂದು ಈ ಬೀದಿಯಲ್ಲಿ ತನ್ನೊಬ್ಬನಿಗೇ ಗೊತ್ತು. ಸಿನಿಮಾದಲ್ಲಾದರೆ ಹೀಗೆ ಹೋಗುವವನ ಹಿಂದೆ ಮಳೆಕೋಟಿನವನೊಬ್ಬ ಬರಬೇಕಿತ್ತು. ಯಾರೂ ಬರಲಿಲ್ಲ. ಬಿಸಿಲಿತ್ತು, ಜನ ಹಣ್ಣು ಕೊಳ್ಳುತ್ತಿದ್ದರು, ಅವನ ಭಯ ಅವರ್ಯಾರ ಕಣ್ಣಿಗೂ ಬೀಳಲಿಲ್ಲ. ಮನೆಗೆ ಬಂದು, ಅಡಿಗೆಮನೆಯ ಮೇಜಿನ ಮೇಲೆ ಚೀಟಿ ಹರಡಿ, ಪಕ್ಕದಲ್ಲಿ ಬಿಳಿ ಹಾಳೆಯಿಟ್ಟುಕೊಂಡು, ಅವರ ಅಕ್ಷರವನ್ನು ಕಲಿಯತೊಡಗಿದ. ಇಷ್ಟು ಚೆನ್ನಾಗಿ ಹಾಡಿದ್ದೆ. ಇಷ್ಟು ಚೆನ್ನಾಗಿ. ಇಷ್ಟು. ಎಷ್ಟು ಸಲ ಬರೆದರೂ ಕೊನೆಗೆ ಅವನದೇ ದುಂಡು ಅಕ್ಷರ ಬಂದು ಕೂರುತ್ತಿತ್ತು, ಡಬ್ಬದ ಮೇಲೆ ‘ನಕಲು ಆಗಿದೆ’ ಎಂದು ಬರೆದಿದ್ದ ಅದೇ ಅಕ್ಷರ. ಎಲ್ಲ ಮೆಟ್ಟಿಲುಗಳ ಸದ್ದನ್ನೂ ಬಲ್ಲವನಿಗೆ ಸ್ವಂತ ಮನೆಯ ಮೆಟ್ಟಿಲಲ್ಲಿ ಅಕ್ಕ ಬಂದದ್ದು ಕೇಳಿಸಲಿಲ್ಲ.

“ಏನೋ ಇದು, ಕಾಪಿ ಬರೀತಾ ಕೂತಿದ್ದೀಯ?” ಎಂದಳು. ಚೀಲ ಹೆಗಲಲ್ಲೇ ಇತ್ತು. ಅವನು ಹಾಳೆಯ ಮೇಲೆ ಕೈ ಇಟ್ಟ, ಆದರೆ ಚೀಟಿ ಆಚೆಗೆ ಉಳಿಯಿತು. ಅವಳು ಅದನ್ನು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದು ಓದಿದಳು. ಇನ್ನೊಂದು ಸಲ ಓದಿದಳು. ದಿನಕ್ಕೆ ಮುನ್ನೂರು ಜನರ ಅರ್ಜಿ ನೋಡುವವಳು, ಯಾರು ಏನು ಮುಚ್ಚಿಡುತ್ತಿದ್ದಾರೆಂದು ಅವಳಿಗೆ ಬಿಡಿಸಿ ಹೇಳಬೇಕಿರಲಿಲ್ಲ.

“ಮಿಷನ್ ಪರೀಕ್ಷೆ ಅಂದೆ.”

“ಹೂಂ.”

“ಯಾರ್ಯಾರು ಕೇಳಿದ್ರು?”

“ಆ ಅಮ್ಮ. ಸಾರ್. ಮುಂದಿನ ವಾರ ಎಲ್ರೂ ಕೇಳ್ತಾರೆ.”

ಅವಳು ಕುರ್ಚಿ ಎಳೆದು ಕೂತಳು. ಅವನು ಬಯ್ಗುಳ ಕಾಯುತ್ತಿದ್ದ, ಮೂವತ್ತಮೂರು ವರ್ಷದಿಂದ ಬಾಕಿಯಿದ್ದ ಬಯ್ಗುಳ. ಅವಳು ಕೇಳಿದ್ದು ಬೇರೆ.

“ಅಲ್ಲಿ ಒಡೀತಲ್ಲ. ನಕ್ಕರಾ?”

ಅವನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. “ಇಲ್ಲ ಅಕ್ಕ. ಯಾರೂ ನಗ್ಲಿಲ್ಲ. ಸಾರ್ ಅತ್ತರು.”

“ನಿಜ ಹೇಳು.”

“ನಿಜ. ಅವರ ಸಿನಿಮಾ ನಿಂತಿರೋದೇ ಅದರ ಮೇಲಂತೆ.”

ಅಕ್ಕ ಚೀಟಿಯನ್ನು ಬೆರಳಿನಿಂದ ನೇರ ಮಾಡುತ್ತಿದ್ದಳು. ಅವಳ ಮುಖದಲ್ಲಿ ಏನೋ ಬಂದು ಹೋಯಿತು, ಅವನು ಅದನ್ನು ಹದಿನೆಂಟರ ಹುಡುಗಿಯಲ್ಲಿ ಕಂಡಿದ್ದ, ಬಚ್ಚಲ ಬಾಗಿಲ ಸಂದಿಯಿಂದ. “ನೀನು ನಿಮ್ಮ ಸಾರ್‌ಗೆ ಇದನ್ನೇ ಓದಿ ಹೇಳಿದ್ಯಾ?” ಎಂದಳು. ಅವಳ ಕಣ್ಣು ಅವನ ಕೈಯಡಿಯ ಹಾಳೆಗೆ, ನೀಲಿ ಪೆನ್ಸಿಲಿಗೆ ಹೋಯಿತು.

“ಆ ಅಮ್ಮನಿಗೆ ಬಾಯಿಲ್ಲ. ಅವರು ಬರೆದದ್ದನ್ನಾದ್ರೂ ಸರಿಯಾಗಿ ಓದ್ಬೇಕಲ್ವೇನೋ.”

“ನಾಳೆ ಈ ಚೀಟಿ ಸಾರ್ ಕೈಗೆ ಕೊಟ್ರೆ ಕೆಲಸ ಹೋಗುತ್ತೆ ಅಕ್ಕ. ಇನ್ನು ಯಾವ ಸ್ಟುಡಿಯೋದವರೂ ಬಾಗಿಲು ತೆಗೆಯಲ್ಲ. ನಂಗೆ ಭಯ ಆಗ್ತಿದೆ.”

“ಗೊತ್ತು. ನಂಗೂ ಆಗಿತ್ತು ಆವತ್ತು.” ಯಾವತ್ತು ಎಂದು ಅವಳು ಹೇಳಲಿಲ್ಲ. ಚೀಟಿಯನ್ನು ಮೇಜಿನ ಮೇಲೆ ಅವನ ಮುಂದಕ್ಕೆ ಸರಿಸಿದಳು. “ನಾಳೆ ಎಷ್ಟು ಹೊತ್ತಿಗೆ?”

“ಹತ್ತಕ್ಕೆ.”

“ನಾನೂ ಬರ್ತೀನಿ. ಅರ್ಧ ದಿನ ರಜ ಹಾಕ್ತೀನಿ. ಈಗ ಒಂದ್ಸಲ ಓದು, ನೋಡೋಣ. ಎದ್ದು ನಿಂತು, ಗಟ್ಟಿಯಾಗಿ.”

ಅವನು ಎದ್ದು ನಿಂತ. ಹಾಳೆ ಹಿಡಿದ. ಕೆಳಗೆ ಬೀದಿಯಲ್ಲಿ ಯಾರೋ ಬಾಗಿಲು ಹಾಕಿದರು, ಎದುರು ಮನೆಯಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು, ಎಲ್ಲ ಕೇಳಿಸಿತು. ‘ಕೊನೆಯ ಸಾಲು’ ಎಂದ. ಉಸಿರು ತೆಗೆದುಕೊಂಡ. ‘ನನ್ನದಲ್ಲ’ ಎನ್ನುವಲ್ಲಿ ಅವನ ದನಿ ಒಡೆಯಿತು.

ಅಕ್ಕ ನಗಲಿಲ್ಲ.